ಉಗುರು ಬರೆದಿಡುವ ದಿನಚರಿ

2024ರ ಏಪ್ರಿಲ್ 26ರಂದು ಮತಗಟ್ಟೆಯಿಂದ ಹೊರಗೆ ಬಂದಾಗ ನನ್ನ ಎಡಗೈ ತೋರುಬೆರಳಿನ ಮೇಲೊಂದು ಕಪ್ಪು ಗೆರೆ ಇತ್ತು. ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಎಳೆದ ಗೆರೆ. ಚರ್ಮದ ಮೇಲಿನ ಭಾಗ ಕೆಲವು ವಾರಗಳಲ್ಲಿ ಮಾಸಿಹೋಯಿತು. ಉಗುರಿನ ಮೇಲಿನದು ಮಾತ್ರ ಹಠ ಹಿಡಿದು ಕೂತಿತು. ಅಮ್ಮ ನಿಂಬೆಹೋಳು ಕೊಟ್ಟು ಉಜ್ಜಿ ನೋಡು ಎಂದರು. ಉಜ್ಜಿದೆ, ಏನೂ ಆಗಲಿಲ್ಲ. ಜೂನ್ ತಿಂಗಳಲ್ಲೊಂದು ದಿನ ಗಮನಿಸಿದರೆ ಉಗುರಿನ ಬುಡದಲ್ಲಿ ಹೊಸ ಗುಲಾಬಿ ಬಣ್ಣ ಕಾಣಿಸಿಕೊಂಡಿತ್ತು, ಕಪ್ಪು ಮೇಲಕ್ಕೆ ಸರಿದಿತ್ತು. ಗೌರಿ ಗಣೇಶ ಹಬ್ಬದ ಹೊತ್ತಿಗೆ ತುದಿಯಲ್ಲಿ ಒಂದು ಎಳೆಯಷ್ಟು ಉಳಿದಿತ್ತು. ಅದನ್ನೂ ಒಂದು ಭಾನುವಾರ ನೇಲ್ ಕಟರ್ ಕತ್ತರಿಸಿ ಹಾಕಿತು.

ಶಾಯಿ ಅಳಿಸಿಹೋಗಲಿಲ್ಲ, ಉಗುರೇ ಅದನ್ನು ಹೊತ್ತುಕೊಂಡು ಹೋಗಿ ಹೊರಗೆ ಹಾಕಿತು. ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ ಎಂಬುದು ಬಹಳ ಜನರಿಗೆ ಗೊತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣ ತಯಾರಿಸುವುದಕ್ಕೆಂದು ಶುರುವಾದ ಕಾರ್ಖಾನೆ ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನ ಸರ್ಕಾರಿ ಸಂಸ್ಥೆ. 1962ರ ಮೂರನೆಯ ಮಹಾಚುನಾವಣೆಯಿಂದ ಇಲ್ಲಿಯವರೆಗೆ ದೇಶದ ಮತದಾರರ ಬೆರಳಿಗೆ ಬಿದ್ದಿರುವುದು ಇಲ್ಲಿನ ಶಾಯಿಯೇ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ರೂಪಿಸಿಕೊಟ್ಟ ಈ ಶಾಯಿಯ ಮುಖ್ಯ ವಸ್ತು ಸಿಲ್ವರ್ ನೈಟ್ರೇಟ್, ಅಂದರೆ ಬೆಳ್ಳಿಯ ಒಂದು ಲವಣ. ಅದು ಚರ್ಮವನ್ನೂ ಉಗುರನ್ನೂ ಕಚ್ಚಿಕೊಂಡು ಬೆಳಕಿಗೆ ಕಪ್ಪಾಗುತ್ತದೆ. ಚರ್ಮದ ಮೇಲ್ಪದರ ಬೇಗ ಉದುರುತ್ತದೆ, ಹೊಸದು ಬರುತ್ತದೆ. ಉಗುರಿಗೆ ಆ ಅವಸರವಿಲ್ಲ. ಶಾಯಿ ತಿಂಗಳುಗಟ್ಟಲೆ ನಿಲ್ಲುವುದರಲ್ಲಿ ಬೆಳ್ಳಿಯ ಪಾಲು ಎಷ್ಟೋ, ಉಗುರಿನ ನಿಧಾನದ ಪಾಲೂ ಅಷ್ಟೇ. 2006ರಿಂದ ಗೆರೆಯನ್ನು ಉಗುರಿನ ತುದಿಯಿಂದಲೇ ಎಳೆಯಬೇಕೆಂದು ಚುನಾವಣಾ ಆಯೋಗ ಸೂಚಿಸಿದೆ. ಮರುಮತದಾನ ಬಂದರೆ ತೋರುಬೆರಳಿನ ಉಗುರು ಇನ್ನೂ ಹಳೆಯ ಗುರುತನ್ನು ಬಿಟ್ಟಿರುವುದಿಲ್ಲ. ಆಗ ನಡುಬೆರಳಿಗೆ ಹಾಕುತ್ತಾರೆ.

ಹಾಗಾದರೆ ಉಗುರು ಬೆಳೆಯುವುದು ಎಲ್ಲಿಂದ? ತುದಿಯಿಂದ ಎಂದು ಚಿಕ್ಕಂದಿನಲ್ಲಿ ನಾನು ನಂಬಿದ್ದೆ, ಕತ್ತರಿಸುವುದು ಅಲ್ಲೇ ತಾನೆ? ಆದರೆ ಕಾರ್ಖಾನೆ ಇರುವುದು ಬುಡದಲ್ಲಿ, ಚರ್ಮದ ಮಡಿಕೆಯ ಒಳಗೆ, ಕಣ್ಣಿಗೆ ಕಾಣದ ಜಾಗದಲ್ಲಿ. ಅದನ್ನು ಉಗುರಿನ ಬೇರು ಎನ್ನೋಣ. ಅಲ್ಲಿ ಜೀವಕೋಶಗಳು ಒಡೆದು ಹೊಸ ಕೋಶಗಳಾಗುತ್ತಲೇ ಇರುತ್ತವೆ. ಹಿಂದಿನಿಂದ ಬಂದದ್ದು ಮುಂದಿನದನ್ನು ತಳ್ಳುತ್ತದೆ. ತಳ್ಳಿಸಿಕೊಂಡ ಕೋಶ ಚಪ್ಪಟೆಯಾಗುತ್ತದೆ, ತನ್ನೊಳಗೆ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನು ತುಂಬಿಕೊಳ್ಳುತ್ತದೆ, ಕೊನೆಗೆ ಸಾಯುತ್ತದೆ. ಹೀಗೆ ಸತ್ತ ಕೋಶಗಳು ಒಂದಕ್ಕೊಂದು ಅಂಟಿಕೊಂಡ ಹಲಗೆಯೇ ನಾವು ಕಾಣುವ ಉಗುರು. ಕೂದಲು, ಹಸುವಿನ ಕೊಂಬಿನ ಹೊರಕವಚ, ಕುದುರೆಯ ಗೊರಸು, ಎಲ್ಲವೂ ಇದೇ ಕೆರಾಟಿನ್‌ನಿಂದ ಆದವು.

ಹೆಬ್ಬೆರಳಿನ ಬುಡದಲ್ಲಿ ಬೆಳ್ಳಗೆ ಒಂದು ಅರ್ಧಚಂದ್ರ ಕಾಣುತ್ತದಲ್ಲ, ಅದು ಆ ಕಾರ್ಖಾನೆಯ ಹೊರಚಾಚಿದ ಅಂಚು. ಅಲ್ಲಿನ ಕೋಶಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಅವು ಬೆಳಕನ್ನು ಚದುರಿಸುವುದರಿಂದ ಕೆಳಗಿನ ರಕ್ತದ ಕೆಂಪು ಕಾಣಿಸುವುದಿಲ್ಲ. ಮುಂದಿನ ಭಾಗ ಪಾರದರ್ಶಕ. ಉಗುರು ಗುಲಾಬಿಯಾಗಿ ಕಾಣುವುದು ಕೆಳಗಿನ ಹಾಸಿನಲ್ಲಿ ಹರಿಯುವ ರಕ್ತದಿಂದ. ಬುಡದಲ್ಲಿ ಅಂಟಿಕೊಂಡಿರುವ ತೆಳು ಪೊರೆಯನ್ನು ಅಂದಕ್ಕಾಗಿ ಕತ್ತರಿಸುವವರಿದ್ದಾರೆ. ಅದು ಬಾಗಿಲ ಸಂದಿಗೆ ಹಾಕಿದ ಬಿರಡೆ ಇದ್ದಂತೆ, ನೀರು ಮತ್ತು ರೋಗಾಣು ಒಳಗೆ ಹೋಗದಂತೆ ತಡೆಯುತ್ತದೆ. ಅದನ್ನು ಕಿತ್ತರೆ ಉಗುರುಸುತ್ತಿಗೆ ಆಹ್ವಾನ ಕೊಟ್ಟಂತೆ. ಉಗುರುಸುತ್ತಿನ ಮೇಲೆ ಒನಕೆ ಪೆಟ್ಟು ಎಂಬ ಮಾತು ಕೇಳಿದವರಿಗೆ ಆ ನೋವು ವಿವರಿಸಬೇಕಾಗಿಲ್ಲ.

ಕತ್ತರಿಸಿದರೆ ನೋವಿಲ್ಲ, ಕಿತ್ತರೆ ಪ್ರಾಣ ಹೋಗುತ್ತದೆ. ಹಾಗಿದ್ದರೆ ಉಗುರು ಜೀವಂತವೋ, ನಿರ್ಜೀವವೋ? ನಮ್ಮ ಪುರಾಣಕಾರರಿಗೂ ಈ ಪ್ರಶ್ನೆ ಹೊಳೆದಿತ್ತು. ಸಜೀವ ವಸ್ತುವಿನಿಂದಲೂ ನಿರ್ಜೀವ ವಸ್ತುವಿನಿಂದಲೂ ಸಾವು ಬರಬಾರದೆಂದು ವರ ಪಡೆದಿದ್ದ ಹಿರಣ್ಯಕಶಿಪುವನ್ನು ನರಸಿಂಹ ಕೊಂದದ್ದು ಉಗುರಿನಿಂದ. ಉಡುಪಿಯ ಮಧ್ವಾಚಾರ್ಯರು ಆ ಉಗುರುಗಳ ಮೇಲೆಯೇ ನಖಸ್ತುತಿ ರಚಿಸಿದ್ದಾರೆ. ಆಯುರ್ವೇದದ ಪ್ರಾಚೀನ ಗ್ರಂಥಗಳು ಕೂದಲು ಮತ್ತು ಉಗುರನ್ನು ಮೂಳೆಯ ಮಲ ಎಂದು ಪರಿಗಣಿಸಿದವು, ಅಂದರೆ ಮೂಳೆ ರೂಪುಗೊಳ್ಳುವಾಗ ಹೊರಬೀಳುವ ಶೇಷ. ಇಂದಿನ ವಿಜ್ಞಾನದ ಪ್ರಕಾರ ಉಗುರು ಚರ್ಮದ ಸಂತತಿ, ಮೂಳೆಯದಲ್ಲ. ಆದರೂ ಜೀವವಿರುವ ದೇಹದಿಂದ ಜೀವವಿಲ್ಲದ್ದು ಹುಟ್ಟುತ್ತದೆ ಎಂಬ ಗಮನಿಕೆ ಸರಿಯಾಗಿಯೇ ಇತ್ತು.

ಸತ್ತ ಮೇಲೂ ಉಗುರು ಬೆಳೆಯುತ್ತದೆ ಎಂಬ ನಂಬಿಕೆ ಮಾತ್ರ ಸುಳ್ಳು. ಶವದ ಚರ್ಮ ಒಣಗಿ ಹಿಂದಕ್ಕೆ ಸರಿಯುತ್ತದೆ, ಉಗುರು ಉದ್ದವಾದಂತೆ ಕಾಣುತ್ತದೆ, ಅಷ್ಟೆ.

ಉಗುರು ಎಷ್ಟು ವೇಗವಾಗಿ ಬೆಳೆಯುತ್ತದೆ ಎಂಬುದನ್ನು ಅಳೆಯುವುದಕ್ಕೆ ಒಬ್ಬ ಮನುಷ್ಯ 35 ವರ್ಷ ತೆಗೆದುಕೊಂಡ ಎಂದರೆ ನಂಬುತ್ತೀರಾ? ಅಮೆರಿಕದ ವಿಲಿಯಂ ಬೆನೆಟ್ ಬೀನ್ ಎಂಬ ವೈದ್ಯರು 1941ರಲ್ಲಿ, ತಮ್ಮ 32ನೆಯ ವಯಸ್ಸಿನಲ್ಲಿ, ಎಡಗೈ ಹೆಬ್ಬೆರಳಿನ ಉಗುರಿನ ಬುಡಕ್ಕೆ ಅರದಿಂದ ಒಂದು ಸಣ್ಣ ಗೀಟು ಹಾಕಿಕೊಂಡರು. ಗೀಟು ತುದಿ ಮುಟ್ಟಲು ಎಷ್ಟು ದಿನ ಬೇಕು ಎಂದು ಬರೆದಿಟ್ಟರು. ಪ್ರತಿ ತಿಂಗಳೂ ಹೊಸ ಗೀಟು, ಹೊಸ ಲೆಕ್ಕ. ಮುಂದೆ ಅಯೋವಾ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಹೆಸರಾಂತ ವೈದ್ಯರಾದ ಮೇಲೂ ಗೀಟು ಹಾಕುವುದನ್ನು ಬಿಡಲಿಲ್ಲ. ಇಪ್ಪತ್ತು ವರ್ಷದ ಲೆಕ್ಕವನ್ನು 1963ರಲ್ಲಿ, ಮೂವತ್ತೈದು ವರ್ಷದ್ದನ್ನು 1980ರಲ್ಲಿ ಪ್ರಕಟಿಸಿದರು. ಸರ್ಕಾರದ ಅನುದಾನವಿಲ್ಲ, ಪ್ರಯೋಗಾಲಯವಿಲ್ಲ. ಒಂದು ಅರ, ಒಂದು ನೋಟ್‌ಬುಕ್ಕು, ಒಂದು ಹೆಬ್ಬೆರಳು.

ಅವರಿಗೆ ಸಿಕ್ಕಿದ ಉತ್ತರ ಇದು. 32ನೆಯ ವಯಸ್ಸಿನಲ್ಲಿ ಅವರ ಹೆಬ್ಬೆರಳಿನ ಉಗುರು ದಿನಕ್ಕೆ ಸರಾಸರಿ 0.123 ಮಿ.ಮೀ. ಬೆಳೆಯುತ್ತಿತ್ತು. 67ನೆಯ ವಯಸ್ಸಿಗೆ ಅದು 0.095 ಮಿ.ಮೀ.ಗೆ ಇಳಿದಿತ್ತು. ತಿಂಗಳಿಗೆ ಲೆಕ್ಕ ಹಾಕಿದರೆ ಸುಮಾರು 3.7 ಮಿ.ಮೀ. ಇದ್ದದ್ದು 2.9 ಮಿ.ಮೀ.ಗೆ ಬಂತು. ಮುಪ್ಪು ಎಂಬುದನ್ನು ನಾವು ನೆರೆಗೂದಲಲ್ಲಿ, ಮಂಡಿನೋವಿನಲ್ಲಿ ಕಾಣುತ್ತೇವೆ. ಬೀನ್ ಅದನ್ನು ದಶಮಾಂಶ ಬಿಂದುವಿನ ಬಲಗಡೆ ಕಂಡರು.

2010ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಸಂಶೋಧಕರು ಯುವಕ ಯುವತಿಯರ ಉಗುರನ್ನು ಅಳೆದರು. ಕೈಯುಗುರು ತಿಂಗಳಿಗೆ ಸರಾಸರಿ 3.47 ಮಿ.ಮೀ., ಕಾಲುಗುರು 1.62 ಮಿ.ಮೀ. ಕಾಲಿನ ಉಗುರು ಕೈಯದರ ಅರ್ಧ ವೇಗದಲ್ಲಿ ನಡೆಯುತ್ತದೆ. ಕೈಯುಗುರು ಪೂರ್ತಿ ಹೊಸದಾಗಲು ನಾಲ್ಕರಿಂದ ಆರು ತಿಂಗಳು ಸಾಕು. ಕಾಲಿನ ಹೆಬ್ಬೆರಳಿಗೆ ಒಂದರಿಂದ ಒಂದೂವರೆ ವರ್ಷ ಬೇಕು. ಕಾಲ ಮೇಲೆ ಗ್ಯಾಸ್ ಸಿಲಿಂಡರ್ ಬೀಳಿಸಿಕೊಂಡವರಿಗೆ ಇದು ಅನುಭವದಿಂದ ಗೊತ್ತಿರುತ್ತದೆ. ನಡುಬೆರಳಿನ ಉಗುರು ಕಿರುಬೆರಳಿನದಕ್ಕಿಂತ ಚುರುಕು. ಬಲಗೈ ಬಳಸುವವರಿಗೆ ಬಲಗೈಯ ಉಗುರು ತುಸು ಮುಂದೆ. ಬೇಸಿಗೆಯಲ್ಲಿ ಮತ್ತು ಗರ್ಭಿಣಿಯರಲ್ಲಿ ವೇಗ ಹೆಚ್ಚು.

ಈ ಅಂಕಿಗಳನ್ನು ಓದುವಾಗ ನನಗೆ ಪುಣೆಯ ಶ್ರೀಧರ ಚಿಲ್ಲಾಳರ ನೆನಪಾಯಿತು. 1952ರಲ್ಲಿ, ಹದಿನಾಲ್ಕು ವರ್ಷದ ಹುಡುಗನಾಗಿದ್ದಾಗ, ಅವರು ಎಡಗೈಯ ಉಗುರು ಕತ್ತರಿಸುವುದನ್ನು ನಿಲ್ಲಿಸಿದರು. ಶಾಲೆಯಲ್ಲಿ ಮೇಷ್ಟರೊಬ್ಬರ ಉದ್ದನೆಯ ಉಗುರನ್ನು ಅಕಸ್ಮಾತ್ತಾಗಿ ಮುರಿದು ಬೈಸಿಕೊಂಡದ್ದೇ ಇದಕ್ಕೆ ಕಾರಣ ಎಂದು ಅವರು ಹೇಳಿಕೊಂಡಿದ್ದರು. ಉಗುರು ಕಾಪಾಡಿಕೊಳ್ಳುವುದರ ಕಷ್ಟ ನಿನಗೇನು ಗೊತ್ತು ಎಂಬ ಧಾಟಿಯ ಬೈಗುಳವಂತೆ. 66 ವರ್ಷಗಳ ನಂತರ, 2018ರ ಜುಲೈನಲ್ಲಿ, ನ್ಯೂಯಾರ್ಕಿನಲ್ಲಿ ಅವನ್ನು ಕತ್ತರಿಸಲಾಯಿತು. ಕತ್ತರಿ ಸಾಲದೆ ವಿದ್ಯುತ್ ಉಪಕರಣ ಬಳಸಬೇಕಾಯಿತು. ಐದು ಉಗುರುಗಳ ಒಟ್ಟು ಉದ್ದ 909.6 ಸೆಂ.ಮೀ., ಹೆಬ್ಬೆರಳಿನದೊಂದೇ 197.8 ಸೆಂ.ಮೀ. ಅದನ್ನು 66 ವರ್ಷದ ದಿನಗಳಿಂದ ಭಾಗಿಸಿ ನೋಡಿ, ದಿನಕ್ಕೆ ಸುಮಾರು 0.082 ಮಿ.ಮೀ. ಬರುತ್ತದೆ. ಬೀನ್ ವೃದ್ಧಾಪ್ಯದಲ್ಲಿ ಅಳೆದ ಲೆಕ್ಕಕ್ಕಿಂತ ಕೊಂಚ ಕಡಿಮೆ, ಅಷ್ಟೆ. ಒಬ್ಬರು ಅರ ಹಿಡಿದು ಅಳೆದದ್ದನ್ನು ಇನ್ನೊಬ್ಬರು ಹಠ ಹಿಡಿದು ಅಳೆದರು ಎನ್ನಬಹುದು. ಆದರೆ ಚಿಲ್ಲಾಳರ ಎಡಗೈ ಬೆರಳುಗಳು ಆ ಭಾರಕ್ಕೆ ಮಡಚಲಾರದಂತಾದವು. ದಾಖಲೆಗೆ ಅವರು ಕೊಟ್ಟ ಬೆಲೆ ಅದು.

ಉಗುರು ಸಮಾನ ವೇಗದಲ್ಲಿ ನಡೆಯುವ ಗಡಿಯಾರವಾದರೆ, ಅದು ನಿಂತ ಹೊತ್ತೂ ಗುರುತಾಗಬೇಕಲ್ಲವೆ? ಕಳೆದ ವರ್ಷ ಮಳೆಗಾಲದಲ್ಲಿ ನನಗೆ ಡೆಂಗಿ ಬಂದಿತ್ತು. ಒಂದು ವಾರ ಹಾಸಿಗೆ ಹಿಡಿದು, ಎದ್ದು ಕೆಲಸಕ್ಕೆ ಬಂದೆ, ಮರೆತೂಬಿಟ್ಟೆ. ಎರಡು ತಿಂಗಳಾದ ಮೇಲೆ ಟೈಪು ಮಾಡುತ್ತಿರುವಾಗ ನೋಡುತ್ತೇನೆ, ಉಗುರುಗಳಿಗೆ ಅಡ್ಡಲಾಗಿ ಒಂದು ತಗ್ಗು. ಒಂದೆರಡಕ್ಕಲ್ಲ, ಹತ್ತಕ್ಕೂ, ಹೆಚ್ಚು ಕಡಿಮೆ ಒಂದೇ ಎತ್ತರದಲ್ಲಿ. ಕ್ಯಾಲ್ಸಿಯಂ ಕಡಿಮೆಯಾಗಿದೆ, ಹಾಲು ಕುಡಿ ಎಂದರು ಕಚೇರಿಯ ಹಿರಿಯರೊಬ್ಬರು. ವೈದ್ಯರು ಮಾತ್ರ ಬೆರಳು ಹಿಡಿದು ನೋಡಿ, "ಎರಡು ತಿಂಗಳ ಹಿಂದೆ ಜೋರು ಜ್ವರ ಬಂದಿತ್ತೇನಪ್ಪಾ?" ಎಂದು ಕೇಳಿದರು. ನಾನು ಡೆಂಗಿಯ ಸುದ್ದಿ ಎತ್ತಿಯೇ ಇರಲಿಲ್ಲ.

ಅವರು ಓದಿದ್ದು 1846ರಲ್ಲಿ ಫ್ರಾನ್ಸಿನ ವೈದ್ಯ ಜೋಸೆಫ್ ಬೋ ವಿವರಿಸಿದ ಗೆರೆಯನ್ನು. ದೇಹ ದೊಡ್ಡ ಕಾಯಿಲೆಯೊಂದಿಗೆ ಹೋರಾಡುವಾಗ ಉಗುರಿನ ಬೇರಿನಲ್ಲಿ ಕೆಲಸ ಕುಂಠಿತವಾಗುತ್ತದೆ, ಕೆಲವೊಮ್ಮೆ ನಿಂತೇಹೋಗುತ್ತದೆ. ಆ ದಿನಗಳಲ್ಲಿ ತಯಾರಾದ ಉಗುರು ತೆಳ್ಳಗಿರುತ್ತದೆ. ಕಾಯಿಲೆ ವಾಸಿಯಾದ ಮೇಲೆ ಕೆಲಸ ಮತ್ತೆ ಶುರುವಾಗಿ ಆ ತೆಳು ಪಟ್ಟಿ ತಗ್ಗಾಗಿ ಮುಂದಕ್ಕೆ ಸಾಗುತ್ತದೆ. ತಗ್ಗು ಬುಡದಿಂದ ಎಷ್ಟು ದೂರವಿದೆ ಎಂದು ಅಳೆದರೆ ಕಾಯಿಲೆ ಬಂದು ಎಷ್ಟು ದಿನವಾಯಿತೆಂದು ಹೇಳಬಹುದು ಎಂಬುದನ್ನು ಬೋ ಕಂಡುಕೊಂಡರು. ರಕ್ತಪರೀಕ್ಷೆ, ಎಕ್ಸ್‌ರೇ ಒಂದೂ ಇಲ್ಲದ ಕಾಲದಲ್ಲಿ ಅದು ಸಣ್ಣ ಸಂಗತಿಯಲ್ಲ. ಇಂದಿಗೂ ಆ ತಗ್ಗಿಗೆ ಬೋ ಗೆರೆ ಎಂದೇ ಹೆಸರು. ಕ್ಯಾಲ್ಸಿಯಂ ವಿಚಾರ ಹೇಳಬೇಕೆಂದರೆ, ಉಗುರಿನ ಗಟ್ಟಿತನಕ್ಕೆ ಅದು ಕಾರಣವಲ್ಲ, ಕೆರಾಟಿನ್ ಎಳೆಗಳನ್ನು ಹೊಲಿದಂತೆ ಕೂಡಿಸುವ ಗಂಧಕ ಕಾರಣ. ಮಕ್ಕಳ ಉಗುರಿನ ಮೇಲಿನ ಬಿಳಿ ಚುಕ್ಕೆಗಳೂ ಸಾಮಾನ್ಯವಾಗಿ ಕ್ಯಾಲ್ಸಿಯಂ ಕೊರತೆಯಲ್ಲ, ಬೇರಿಗೆ ಬಿದ್ದ ಸಣ್ಣಪುಟ್ಟ ಪೆಟ್ಟುಗಳ ಗುರುತು.

ವೈದ್ಯರು ಬೆರಳ ತುದಿ ನೋಡುವ ಅಭ್ಯಾಸ ಬೋಗಿಂತ ಬಹಳ ಹಳೆಯದು. ಎದೆಯಲ್ಲಿ ಕೀವು ತುಂಬಿದ ರೋಗಿಗಳ ಉಗುರು ಉಬ್ಬಿ ಬಾಗುವುದನ್ನು ಕ್ರಿಸ್ತಪೂರ್ವದ ಗ್ರೀಸಿನಲ್ಲಿ ಹಿಪೊಕ್ರಾಟಿಸ್ ಗುರುತಿಸಿದ್ದ. ಆ ಉಬ್ಬನ್ನು ಪತ್ತೆ ಹಚ್ಚಲು ಸುಲಭವಾದ ಒಂದು ಪರೀಕ್ಷೆ ಸಿಕ್ಕಿದ್ದು ಮಾತ್ರ 1976ರಲ್ಲಿ. ದಕ್ಷಿಣ ಆಫ್ರಿಕಾದ ಹೃದ್ರೋಗ ತಜ್ಞ ಲಿಯೋ ಷಾಮ್ರಾತ್‌ಗೆ ಸ್ವತಃ ಹೃದಯದ ಒಳಪದರಕ್ಕೆ ಸೋಂಕು ತಗುಲಿತು. ಮಲಗಿದಲ್ಲೇ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ ಅವರಿಗೆ ಒಂದು ವಿಷಯ ಹೊಳೆಯಿತು. ಎರಡೂ ಕೈಯ ಒಂದೇ ಬೆರಳುಗಳನ್ನು ಉಗುರಿಗೆ ಉಗುರು ತಾಗುವಂತೆ ಬೆನ್ನು ಕೂಡಿಸಿ ಹಿಡಿದರೆ, ಆರೋಗ್ಯವಂತರಲ್ಲಿ ಬುಡದ ಬಳಿ ವಜ್ರದಾಕಾರದ ಪುಟ್ಟ ಕಿಂಡಿ ಕಾಣುತ್ತದೆ. ಉಗುರು ಉಬ್ಬಿದವರಲ್ಲಿ ಆ ಕಿಂಡಿ ಮುಚ್ಚಿಹೋಗಿರುತ್ತದೆ. ನೀವೂ ಈಗಲೇ ಮಾಡಿ ನೋಡಬಹುದು. ಕಿಂಡಿ ಕಾಣದಿದ್ದರೆ ಗಾಬರಿ ಬೇಡ, ಆದರೆ ಒಮ್ಮೆ ವೈದ್ಯರಿಗೆ ತೋರಿಸಿ. ಶ್ವಾಸಕೋಶದ ಮತ್ತು ಹೃದಯದ ಕೆಲವು ದೊಡ್ಡ ಕಾಯಿಲೆಗಳಲ್ಲಿ ಈ ಗುರುತು ಕಾಣಿಸಿಕೊಳ್ಳುತ್ತದೆ.

ಕಾಯಿಲೆಯನ್ನು ಬರೆದಿಡುವ ಉಗುರು ವಿಷವನ್ನೂ ಬರೆದಿಡುತ್ತದೆ. 1900ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತಮುತ್ತ ಕೂಲಿಕಾರರಿಗೆ ಕೈಕಾಲು ಜೋಮು ಹಿಡಿದು ನಡೆಯಲಾಗದ ರೋಗ ಹರಡಿತು. ಎಲ್ಲರೂ ಬಿಯರ್ ಕುಡಿಯುವ ಬಡವರು. ಕುಡಿತದಿಂದ ನರ ಹೋಗಿದೆ ಎಂದು ವೈದ್ಯರು ತೀರ್ಮಾನಿಸಿದರು, ತಪ್ಪು ಕುಡಿದವರ ಮೇಲೆ ಬಿತ್ತು. ಅರ್ನೆಸ್ಟ್ ರೆನಾಲ್ಡ್ಸ್ ಎಂಬ ವೈದ್ಯರಿಗೆ ಇದು ಒಪ್ಪಿಗೆಯಾಗಲಿಲ್ಲ. ಹೆಚ್ಚು ಮದ್ಯಾಂಶದ ವಿಸ್ಕಿ ಕುಡಿಯುವವರಿಗೆ ಬಾರದ ರೋಗ ಬಿಯರ್ ಕುಡಿದವರಿಗೇಕೆ? ಬಿಯರನ್ನು ಪರೀಕ್ಷಿಸಿದಾಗ ಅದರಲ್ಲಿ ಆರ್ಸೆನಿಕ್, ನಮ್ಮ ಹಿರಿಯರು ಪಾಷಾಣ ಎನ್ನುತ್ತಿದ್ದ ವಿಷ, ಸಿಕ್ಕಿತು. ಬಿಯರಿಗೆ ಸಕ್ಕರೆ, ಸಕ್ಕರೆ ತಯಾರಿಸಲು ಗಂಧಕಾಮ್ಲ, ಗಂಧಕಾಮ್ಲಕ್ಕೆ ಪೈರೈಟ್ ಎಂಬ ಅದಿರು, ಆ ಅದಿರಿನಲ್ಲಿ ಆರ್ಸೆನಿಕ್. ಸುಮಾರು 6,000 ಜನ ರೋಗಕ್ಕೆ ತುತ್ತಾಗಿ ಕನಿಷ್ಠ 70 ಮಂದಿ ಸತ್ತರು. ತನಿಖೆಗೆ ವಿಜ್ಞಾನಿ ಲಾರ್ಡ್ ಕೆಲ್ವಿನ್ ಅಧ್ಯಕ್ಷತೆಯಲ್ಲಿ ಆಯೋಗ ನೇಮಕವಾಯಿತು. ಆ ರೋಗಿಗಳ ಉಗುರಿನ ಮೇಲೆ ಅಡ್ಡಡ್ಡ ಬಿಳಿ ಪಟ್ಟಿಗಳಿದ್ದುದನ್ನು ರೆನಾಲ್ಡ್ಸ್ 1901ರಲ್ಲಿ ದಾಖಲಿಸಿದರು. 1919ರಲ್ಲಿ ಹಾಲೆಂಡಿನ ಮೀಸ್ ಎಂಬ ವೈದ್ಯ ಅದನ್ನೇ ಮತ್ತೆ ವಿವರಿಸಿದ. ಹೆಸರು ಉಳಿದದ್ದು ಮೀಸ್‌ನದು. ಇತಿಹಾಸದಲ್ಲಿ ಇಂಥದು ಹೊಸದೇನಲ್ಲ.

ಉಗುರಿನಲ್ಲೇ ಏಕೆ? ಆಗಲೇ ಹೇಳಿದ ಗಂಧಕದಿಂದಾಗಿ. ಆರ್ಸೆನಿಕ್‌ಗೆ ಗಂಧಕ ಕಂಡರೆ ಅಂಟಿಕೊಳ್ಳುವ ಗುಣ. ರಕ್ತದಲ್ಲಿ ಸೇರಿದ ವಿಷ ಬಹುಬೇಗ ಮೂತ್ರದಲ್ಲಿ ಹೊರಟುಹೋಗುತ್ತದೆ. ಆದರೆ ಅಷ್ಟರಲ್ಲಿ ಬೇರಿನಲ್ಲಿ ತಯಾರಾಗುತ್ತಿದ್ದ ಉಗುರಿನ ಕೆರಾಟಿನ್‌ಗೆ ಕಚ್ಚಿಕೊಂಡದ್ದು ಅಲ್ಲೇ ಉಳಿಯುತ್ತದೆ. ಇಂದು ರಕ್ತ ತೆಗೆದರೆ ಈ ವಾರದ ಸುದ್ದಿ, ಕಾಲುಗುರು ಕತ್ತರಿಸಿದರೆ ಒಂದು ವರ್ಷದ ಹಿಂದಿನ ಸುದ್ದಿ. ಸಂಶೋಧಕರು ಕಾಲುಗುರಿನ ತುಣುಕುಗಳನ್ನು ಕಾಗದದ ಲಕೋಟೆಯಲ್ಲಿ ಕಟ್ಟಿ ಒಯ್ಯುವುದು ಇದಕ್ಕಾಗಿ. ಸೂಜಿ ಬೇಕಿಲ್ಲ, ಐಸ್ ಪೆಟ್ಟಿಗೆ ಬೇಕಿಲ್ಲ.

ಇದು ದೂರದ ದೇಶದ ಮಾತು ಎಂದುಕೊಳ್ಳಬೇಡಿ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಮಂಗಳೂರು ಎಂಬ ಊರಿದೆ, ಕರಾವಳಿಯ ಮಂಗಳೂರಲ್ಲ. ಹಿಂದೆ ಅಲ್ಲಿ ಚಿನ್ನದ ಗಣಿಗಾರಿಕೆ ನಡೆದಿತ್ತು. ಚಿನ್ನವಿರುವ ಶಿಲೆಗಳಲ್ಲಿ ಅನೇಕ ಕಡೆ ಆರ್ಸೆನಿಕ್ ಜೊತೆಗಿರುತ್ತದೆ. ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಆ ಭಾಗದಲ್ಲಿ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ 59 ಕೊಳವೆಬಾವಿಗಳ ಪೈಕಿ ಶೇ 79ರ ನೀರಿನಲ್ಲಿ ಆರ್ಸೆನಿಕ್ ಪ್ರಮಾಣ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. ಒಂದರಲ್ಲಿ ಅದು 303 ಇತ್ತು. ನೀರು ತಿಳಿಯಾಗಿಯೇ ಇತ್ತು, ಏಕೆಂದರೆ ಈ ವಿಷಕ್ಕೆ ನೀರಿನಲ್ಲಿ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. 171 ನಿವಾಸಿಗಳಿಂದ ಸಂಗ್ರಹಿಸಿದ ಕೂದಲು ಮತ್ತು ಉಗುರುಗಳ ಎಲ್ಲ ಮಾದರಿಗಳಲ್ಲೂ ಆರ್ಸೆನಿಕ್ ಇರಬೇಕಾದುದಕ್ಕಿಂತ ಹೆಚ್ಚಿತ್ತು. ಒಬ್ಬರೂ ಬಿಟ್ಟುಹೋಗಿರಲಿಲ್ಲ. ತಪಾಸಣೆಗೊಳಗಾದ 181 ಜನರಲ್ಲಿ ಶೇ 58.6ರಷ್ಟು ಮಂದಿಯ ಚರ್ಮದ ಮೇಲೆ ವಿಷದ ಗುರುತುಗಳು ಮೂಡಿದ್ದವು.

ಈ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಿ. ಉಗುರಿನಲ್ಲಿ ವಿಷ ಎಲ್ಲರಿಗೂ ಇತ್ತು, ಚರ್ಮದಲ್ಲಿ ಇನ್ನೂ ಎಲ್ಲರಿಗೂ ಕಾಣಿಸಿಕೊಂಡಿರಲಿಲ್ಲ. ಕೈಕಾಲು ಚೆನ್ನಾಗಿಯೇ ಇದೆ ಎಂದುಕೊಂಡು ಕೊಳವೆಬಾವಿಯಿಂದ ಕೊಡ ತುಂಬುತ್ತಿದ್ದವರ ಉಗುರೂ ಅದಾಗಲೇ ಸಾಕ್ಷಿ ಹೇಳುತ್ತಿತ್ತು. ಇಂಥ ಕಡೆ ಶುದ್ಧ ನೀರು ಕೊಟ್ಟರೆ ಹೊಸದಾಗಿ ಹುಟ್ಟುವ ಉಗುರು ಶುದ್ಧವಾಗಿಯೇ ಬರುತ್ತದೆ, ವಿಷ ತುಂಬಿದ ಭಾಗ ನನ್ನ ಬೆರಳಿನ ಶಾಯಿಯಂತೆ ಮುಂದೆ ಸರಿದು ಕತ್ತರಿಸಿಹೋಗುತ್ತದೆ. ಕೈಗೆ ಆರು ತಿಂಗಳು, ಕಾಲಿಗೆ ಒಂದೂವರೆ ವರ್ಷ. ಅಂಗೈ ಅಂಗಾಲಿನಲ್ಲಿ ಎದ್ದ ಗಟ್ಟಿ ಗಂಟುಗಳು ಮಾತ್ರ ಅಷ್ಟು ಸುಲಭವಾಗಿ ಹೋಗುವುದಿಲ್ಲ, ಅವುಗಳ ಜೊತೆಗೆ ಬರುವ ಕ್ಯಾನ್ಸರಿನ ಭಯ ನೀರು ಬದಲಾದ ಮೇಲೂ ದಶಕಗಟ್ಟಲೆ ಇರುತ್ತದೆ.